ಬೋಗುಣಿಯೂ ಕೈಪಾವಡವೂ

ಓದತಕ್ಕ ಭಾಗ: ಯೋಹಾನನ ಸುವಾರ್ತೆ, ೧೩ನೆಯ ಅಧ್ಯಾಯ, ೧ರಿಂದ ೧೭ನೆಯ ವಚನಗಳು.



ಬಿಸಿಲಿನಲ್ಲಿ ನಡೆದು ಬಂದ ಅತಿಥಿಗೆ ಬಾಗಿಲಲ್ಲಿಯೇ ಒಂದು ತಂಬಿಗೆ ನೀರು ಕೊಡುವ ಪದ್ಧತಿಯು ನಮ್ಮ ನಾಡಿನವರಿಗೆ ಹೊಸದಲ್ಲ. ಪೂರ್ವಕಾಲದ ಪಲೆಸ್ತೀನ ದೇಶದಲ್ಲಿಯೂ ಹಾಗೆಯೇ ಇತ್ತು. ಅಲ್ಲಿನ ಜನರು ಕೆರಗಳನ್ನು ಮೆಟ್ಟಿ ಧೂಳಿನ ದಾರಿಯಲ್ಲಿ ನಡೆಯುತ್ತಿದ್ದುದರಿಂದ ಮನೆಗೆ ಬಂದವರಿಗೆ ಮೊದಲು ಬೇಕಾದದ್ದು ಕಾಲಿಗೆ ನೀರು. ಮಮ್ರೆಯ ಮರಗಳ ಬಳಿಯಲ್ಲಿ ಅಬ್ರಹಾಮನು ತನ್ನಲ್ಲಿಗೆ ಬಂದ ಮೂವರಿಗೆ ಆಹಾರದ ಮಾತಿಗಿಂತ ಮುಂಚೆ ನೀರಿನ ಮಾತನ್ನು ಎತ್ತಿದನೆಂದು ಆದಿಕಾಂಡದಲ್ಲಿ ಓದುತ್ತೇವೆ.

ಆದರೆ ನೀರು ಕೊಡುವುದು ಒಂದು, ಬಾಗಿ ಕಾಲು ತೊಳೆಯುವುದು ಮತ್ತೊಂದು. ಮೊದಲನೆಯದು ಯಜಮಾನನ ಮರ್ಯಾದೆ. ಎರಡನೆಯದು ದಾಸರ ಕೆಲಸ. ದಾವೀದನು ತನ್ನನ್ನು ವರಿಸಲು ಹೇಳಿಕಳುಹಿಸಿದಾಗ ಅಬೀಗೈಲಳು ನೆಲದ ಮಟ್ಟಿಗೆ ಬಾಗಿ, ಅವನ ಸೇವಕರ ಕಾಲು ತೊಳೆಯುವ ದಾಸಿಯಾಗುವುದಕ್ಕೂ ತಾನು ಸಿದ್ಧಳೆಂದಳು. ತನ್ನನ್ನು ತಗ್ಗಿಸಿಕೊಳ್ಳುವುದಕ್ಕೆ ಅದಕ್ಕಿಂತ ಕೆಳಗಿನ ಸ್ಥಾನವು ಆಕೆಗೆ ತೋಚಿರಲಾರದು. ನಮ್ಮಲ್ಲಿಯೂ ಮದುವೆಯಲ್ಲಿ ವರನ ಪಾದವನ್ನು, ಮಠದಲ್ಲಿ ಗುರುವಿನ ಪಾದವನ್ನು ತೊಳೆಯುವುದುಂಟು. ಅಲ್ಲೆಲ್ಲಾ ಗೌರವವು ಕೆಳಗಿನಿಂದ ಮೇಲಕ್ಕೆ ಸಲ್ಲುತ್ತದೆ. ನಮ್ಮ ಪಾಠದಲ್ಲಿಯಾದರೋ ಗುರುವೇ ಶಿಷ್ಯರ ಪಾದಗಳಿಗೆ ಬಾಗಿದನು.

ಪಸ್ಕಹಬ್ಬವು ಸಮೀಪಿಸಿತ್ತು, ಮರಣವೂ ಸಮೀಪಿಸಿತ್ತು. ಊಟದ ನಡುವೆ ಕರ್ತನು ಎದ್ದು, ಮೇಲ್ಹೊದಿಕೆಯನ್ನು ತೆಗೆದಿಟ್ಟು, ಕೈಪಾವಡವನ್ನು ನಡುವಿಗೆ ಸುತ್ತಿ, ಬೋಗುಣಿಗೆ ನೀರು ಹಾಕಿ, ಒಬ್ಬೊಬ್ಬನ ಕಾಲನ್ನೂ ತೊಳೆದು ಒರಸಿದನು. ಕೊನೆಯವರೆಗೂ ಅಲ್ಲಗಳೆಯದೆ ಜೊತೆಗಿರುವವರನ್ನು ಮಾತ್ರ ಆತನು ಆರಿಸಿಕೊಳ್ಳಲಿಲ್ಲ. ಹಿಡಿದುಕೊಡಲಿದ್ದ ಯೂದನು ಇನ್ನೂ ಎದ್ದು ಹೋಗಿರಲಿಲ್ಲ. ಅವನ ಕಾಲುಗಳೂ ಆ ಬೋಗುಣಿಗೆ ಬಂದವು. ಯೋಗ್ಯರ ಕಾಲನ್ನು ಮಾತ್ರ ತೊಳೆಯುವುದು ಸೇವೆಯಲ್ಲ, ಸನ್ಮಾನ.

ಈ ಪಾಠದಿಂದ ಸೇವೆಯ ಉಪದೇಶವನ್ನು ನಾವೆಲ್ಲರೂ ಅನೇಕ ಸಾರಿ ಕೇಳಿದ್ದೇವೆ. ಆದರೆ ಅದರ ಮಧ್ಯದಲ್ಲಿ ಮತ್ತೊಂದು ಉಪದೇಶವಿದೆ. ಆ ಕೋಣೆಯಲ್ಲಿ ತೊಳೆಯುವುದು ಯಾರಿಗೂ ಕಷ್ಟವಾದದ್ದಾಗಿ ಬರೆದಿಲ್ಲ. ತೊಳೆಸಿಕೊಳ್ಳುವುದೇ ಒಬ್ಬನಿಗೆ ಕಷ್ಟವಾಯಿತು. ಪೇತ್ರನು ತನ್ನ ಕಾಲನ್ನು ಎಂದಿಗೂ ತೊಳೆಯಕೂಡದೆಂದು ತಡೆದನು. ಮೇಲೆ ನೋಡಿದರೆ ಇದು ದೀನತೆ. ಒಳಹೊಕ್ಕು ನೋಡಿದರೆ, ತನ್ನ ಧೂಳನ್ನು ಇನ್ನೊಬ್ಬರು ಕಾಣಬಾರದೆಂಬ ಅಭಿಮಾನವೂ ಇದರಲ್ಲಿ ಅಡಗಿದೆ. ತೊಳೆಸಿಕೊಳ್ಳದವನಿಗೆ ತನ್ನ ಸಂಗಡ ಪಾಲಿಲ್ಲವೆಂದು ಕರ್ತನು ಹೇಳಿದ ಮೇಲೆ ಪೇತ್ರನು ಒಪ್ಪಿದನು.

ಕರ್ತನು ತಾನು ಮಾಡದ್ದನ್ನು ಪೇತ್ರನಿಂದ ಕೇಳಲಿಲ್ಲ. ಒಂದು ಅಧ್ಯಾಯದಷ್ಟು ಹಿಂದಕ್ಕೆ ಹೋಗಿ ನೋಡಿರಿ. ಪಸ್ಕಕ್ಕೆ ಆರು ದಿನ ಮುಂಚೆ ಬೇಥಾನ್ಯದಲ್ಲಿ ಲಾಜರನ ಸಹೋದರಿಯಾದ ಮರಿಯಳು ಬೆಲೆಯುಳ್ಳ ಜಟಾಮಾಂಸಿ ತೈಲವನ್ನು ಆತನ ಪಾದಗಳಿಗೆ ಹಚ್ಚಿ ತನ್ನ ತಲೆಗೂದಲಿನಿಂದ ಒರಸಿದಳು. ಪಂಕ್ತಿಯಲ್ಲಿದ್ದ ಯೂದನು ಆಕ್ಷೇಪಿಸಿದನು. ಕರ್ತನು ಪಾದಗಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಆಕೆಯನ್ನು ಬಿಟ್ಟುಬಿಡಬೇಕೆಂದು ಹೇಳಿ ಆ ಸೇವೆಯನ್ನು ಅಂಗೀಕರಿಸಿದನು. ಒಬ್ಬ ಸ್ತ್ರೀಯ ಕೈಯಿಂದ ಪಾದಸೇವೆಯನ್ನು ಪಡೆದವನೇ ಸ್ವಲ್ಪ ದಿನಗಳಲ್ಲಿ ಬೋಗುಣಿಯನ್ನು ಹಿಡಿದನು.

ಮುಂದೆ ಸಭೆಯು ಈ ಕ್ರಿಯೆಯನ್ನು ನಾನಾ ವಿಧವಾಗಿ ಕಾಪಾಡಿಕೊಂಡು ಬಂದಿತು. ೬ನೆಯ ಶತಮಾನದಲ್ಲಿ ಬೆನೆಡಿಕ್ಟನು ಬರೆದ ಮಠದ ನಿಯಮದಲ್ಲಿ, ಮಠಾಧಿಪತಿಯೂ ಸನ್ಯಾಸಿಗಳೂ ಬಂದ ಅತಿಥಿಗಳೆಲ್ಲರ ಕಾಲು ತೊಳೆಯಬೇಕೆಂದಿದೆ. ಜರ್ಮನಿಯಲ್ಲಿ ೧೭೦೮ರಲ್ಲಿ ಹುಟ್ಟಿದ ಬ್ರದರನ್ ಸಭೆಯವರು ಪ್ರೀತಿಭೋಜನದ ಸಮಯದಲ್ಲಿ ಒಬ್ಬರ ಕಾಲನ್ನೊಬ್ಬರು ತೊಳೆಯುತ್ತಾರೆ. ಅಲ್ಲಿ ತೊಳೆದವರೇ ತೊಳೆಸಿಕೊಳ್ಳುವವರು. ಇಂಗ್ಲೆಂಡಿನ ರಾಜರು ಪವಿತ್ರ ಗುರುವಾರದಲ್ಲಿ ಬಡವರ ಪಾದಗಳನ್ನು ತೊಳೆಯುತ್ತಿದ್ದರು. ಕಾಲಕ್ರಮದಲ್ಲಿ ತೊಳೆಯುವುದು ನಿಂತು ನಾಣ್ಯಗಳ ಚೀಲಗಳನ್ನು ಹಂಚುವುದು ಮಾತ್ರ ಉಳಿಯಿತು. ಹಣ ಕೊಡುವ ಕೈಗೆ ಮುಟ್ಟುವ ಅಗತ್ಯವಿಲ್ಲ. ಕಾಲು ತೊಳೆಯುವ ಕೈಗೆ ಮುಟ್ಟದೆ ವಿಧಿಯಿಲ್ಲ. ರೋಮಿನ ಸಭೆಯಲ್ಲಿ ಈ ವಿಧಿಗೆ ಪುರುಷರನ್ನು ಮಾತ್ರ ಆರಿಸಬೇಕೆಂಬ ನಿಯಮವಿತ್ತು. ೨೦೧೩ರಲ್ಲಿ ಪೋಪ್ ಫ್ರಾನ್ಸಿಸರು ರೋಮಿನ ಬಾಲಬಂದಿಗಳ ಕಾರಾಗೃಹಕ್ಕೆ ಹೋಗಿ ಹನ್ನೆರಡು ಮಂದಿ ಯುವಜನರ ಪಾದಗಳನ್ನು ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರು. ೨೦೧೬ರಲ್ಲಿ ಆ ನಿಯಮವೇ ತಿದ್ದಲ್ಪಟ್ಟು ಸ್ತ್ರೀಯರಿಗೂ ಸ್ಥಳ ದೊರೆಯಿತು.

ಇದರಿಂದ ನಾವು ಕಲಿಯತಕ್ಕದ್ದೇನು? ನಮ್ಮ ಶಾಲೆಯ ಹುಡುಗಿಯರಿಗೆ ಸೇವೆ ಮಾಡುವುದನ್ನು ಕಲಿಸಿದ್ದೇವೆ. ಅನೇಕರು ದಾದಿಯರಾಗಿ, ಉಪಾಧ್ಯಾಯಿನಿಯರಾಗಿ, ತಾಯಂದಿರಾಗಿ ಅದನ್ನು ಚೆನ್ನಾಗಿ ನಡಿಸಿದ್ದಾರೆ. ಆದರೆ ಎಲ್ಲರಿಗೂ ನೀರು ಕೊಡುವವಳು ತಾನು ಜ್ವರದಲ್ಲಿ ಮಲಗಿದಾಗ ತನಗೇನೂ ಬೇಡವೆನ್ನುತ್ತಾಳೆ. ಕಷ್ಟವನ್ನು ನುಂಗಿ ನಗುತ್ತಾಳೆ. ಇದನ್ನು ನಾವು ಸದ್ಗುಣವೆಂದು ಹೊಗಳುತ್ತೇವೆ. ಇದು ಪೇತ್ರನ ಮಾತಲ್ಲವೇ? ಹಾಗೆಯೇ ಮುಪ್ಪಿನಲ್ಲಿ ಮಗಳ ಕೈಯಿಂದ ಸ್ನಾನ ಮಾಡಿಸಿಕೊಳ್ಳುವ ತಂದೆತಾಯಿಗಳಿಗೂ ನಾಚಿಕೆಯುಂಟು. ನಾಚಿಕೆಪಡಬೇಡಿರಿ. ನಿಮ್ಮ ನಡುಗುವ ಕಾಲನ್ನು ಆಕೆಯ ಕೈಗೆ ಒಪ್ಪಿಸುವುದೂ ಒಂದು ದಾನವೇ.

ಒಂದು ಎಚ್ಚರಿಕೆಯ ಮಾತು. ಕರ್ತನು ಬೋಗುಣಿಯನ್ನು ಅಲ್ಲಿದ್ದವರಲ್ಲಿ ಚಿಕ್ಕವನಿಗೆ ಕೊಟ್ಟು ಅವನಿಂದ ತೊಳೆಯಿಸಲಿಲ್ಲ, ತಾನೇ ಹಿಡಿದನು. ತರುವಾಯ ಒಬ್ಬರು ಮತ್ತೊಬ್ಬರಿಗೆ ಹಾಗೆ ಮಾಡಬೇಕೆಂದು ಅಪ್ಪಣೆ ಕೊಟ್ಟನು. ಸೊಸೆಯು ಮಾತ್ರ ಬಾಗುತ್ತಾ, ಉಳಿದವರೆಲ್ಲರೂ ಕಾಲು ಚಾಚಿರುವ ಮನೆಯಲ್ಲಿ ಈ ಪಾಠವು ಇನ್ನೂ ಆರಂಭವಾಗಿಲ್ಲ. ಆ ಮನೆಯಲ್ಲಿ ಮೊದಲು ಏಳತಕ್ಕವರು ಅತ್ತೆಮಾವಂದಿರೂ ಗಂಡನೂ ಆಗಿದ್ದಾರೆ.

ಸ್ವಪರೀಕ್ಷೆಗಾಗಿ ಮೂರು ಪ್ರಶ್ನೆಗಳು:

೧. ನಾನು ಹಣ ಕೊಟ್ಟು, ಮುಟ್ಟದೆ ಬಿಟ್ಟವರು ಯಾರು?

೨. ಯೋಗ್ಯರಲ್ಲವೆಂದು ನಾನು ಬೋಗುಣಿಯನ್ನು ದಾಟಿಸಿಕೊಂಡು ಹೋದ ಕಾಲು ಯಾರದು?

೩. ನನಗೆ ಸೇವೆ ಮಾಡಬಂದವರನ್ನು ಅಭಿಮಾನದಿಂದ ತಡೆದಿದ್ದೇನೋ?

ಮೊದಲೆರಡಕ್ಕೆ ಉತ್ತರ ಹೇಳುವುದು ಕಷ್ಟ. ಮೂರನೆಯದು ಅವುಗಳಿಗಿಂತಲೂ ಕಷ್ಟ. ಅಲ್ಲಿಂದಲೇ ಆರಂಭಿಸೋಣ.