ಸಮಾಜಶಾಸ್ತ್ರದ ನಾಲ್ಕು ಶಬ್ದಗಳು

ಕಾಮರ್ಸಿನವನಿಗೆ ಸಮಾಜಶಾಸ್ತ್ರ ಯಾಕಪ್ಪಾ ಅಂತ ನೀವು ಕೇಳಬಹುದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವನು ನಾನು. ಕಾಲೇಜಿಗೆ ಬಂದ ಮೇಲೆ ಕಮ್ಯುನಿಟಿ, ಅಸೋಸಿಯೇಶನ್, ಸ್ಟೇಟಸ್, ರೋಲ್ ಎಂಬ ಶಬ್ದಗಳು ಬಾಯಿಪಾಠವಾದವೇ ಹೊರತು ಮನಸ್ಸಿಗೆ ಇಳಿಯಲಿಲ್ಲ. ಅವನ್ನು ಕನ್ನಡದಲ್ಲಿ ಬರೆದುಕೊಂಡು, ಮುಂಬಯಿ ಕನ್ನಡಿಗರ ಬದುಕಿಗೆ ಹಚ್ಚಿ ನೋಡಿದಾಗಲೇ ಅರ್ಥವಾದದ್ದು.

ಮೊದಲು ಸಮುದಾಯ ಮತ್ತು ಸಂಘ. ಸಮುದಾಯಕ್ಕೆ ಯಾರೂ ಅರ್ಜಿ ಹಾಕಿ ಸೇರುವುದಿಲ್ಲ. ಒಂದೇ ನೆಲ, ಕೂಡಿ ಬಾಳಿದ ಬದುಕು, 'ನಾವು' ಎಂಬ ಭಾವನೆ ಇದ್ದರೆ ಅದು ಸಮುದಾಯ. ಸಂಘವಾದರೋ ಒಂದು ಗೊತ್ತಾದ ಉದ್ದೇಶಕ್ಕಾಗಿ ಬೇಕೆಂದೇ ಕಟ್ಟಿದ್ದು. ಅದಕ್ಕೆ ನಿಯಮ ಉಂಟು, ಚಂದಾ ಉಂಟು, ಪದಾಧಿಕಾರಿಗಳುಂಟು. ಮ್ಯಾಕೈವರ್ ಎಂಬ ವಿದ್ವಾಂಸ 1917ರಲ್ಲಿ ಈ ವ್ಯತ್ಯಾಸವನ್ನು ವಿವರಿಸಿದ. ಕರಾವಳಿಯಿಂದ ಬಂದ ಮೊಗವೀರರದು ಸಮುದಾಯ. ಅವರು 1902ರಲ್ಲಿ ಇಲ್ಲಿ ಸ್ಥಾಪಿಸಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಸಂಘ. ಬಂಟರದು ಸಮುದಾಯ, 1927ರಲ್ಲಿ ಹುಟ್ಟಿದ ಬಂಟರ ಸಂಘ, ಹೆಸರೇ ಹೇಳುವಂತೆ, ಸಂಘ. ಊರಿನಲ್ಲಿ ಹೇಳದೆಯೇ ನಡೆಯುತ್ತಿದ್ದ ಕೆಲಸಗಳನ್ನು ಪರಊರಿನಲ್ಲಿ ಯಾರಾದರೂ ಮುಂದೆ ನಿಂತು ನಡೆಸಬೇಕಾಗುತ್ತದೆ. ಸಂಘಗಳು ಹುಟ್ಟುವುದು ಅಲ್ಲಿಯೇ.

ಇನ್ನು ಅಂತಸ್ತು ಮತ್ತು ಪಾತ್ರ. ಇವೆರಡನ್ನೂ ಬೇರ್ಪಡಿಸಿ ತೋರಿಸಿದವನು ರಾಲ್ಫ್ ಲಿಂಟನ್, 1936ರಲ್ಲಿ. ನಮ್ಮ ಕಾಮರ್ಸಿನ ಭಾಷೆಯಲ್ಲಿ ಹೇಳುವುದಾದರೆ, ಅಂತಸ್ತು ಅಢಾವೆ ಪತ್ರಿಕೆ ಇದ್ದಂತೆ: ನೀವು ಎಲ್ಲಿ ನಿಂತಿದ್ದೀರಿ ಎಂದು ಹೇಳುತ್ತದೆ. ಪಾತ್ರ ಲಾಭ-ನಷ್ಟದ ಖಾತೆಯಂತೆ: ಅಲ್ಲಿ ನಿಂತು ಏನು ಮಾಡಿದಿರಿ ಎಂಬುದರ ಲೆಕ್ಕ. ಹುಟ್ಟಿನಿಂದ ಬಂದದ್ದು ಆರೋಪಿತ ಅಂತಸ್ತು, ದುಡಿದು ಗಳಿಸಿದ್ದು ಸಾಧಿತ ಅಂತಸ್ತು.

ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಕಥೆ ಈ ಸಾಧಿತ ಅಂತಸ್ತಿನದೇ. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದ ಹುಡುಗರು ರಾತ್ರಿ ಓದಿ ಬ್ಯಾಂಕು, ಕಚೇರಿ ಸೇರಿದರು. ಆದರೆ ಎಲ್ಲರೂ ಸೇರಲಿಲ್ಲ. ನನ್ನ ತಂದೆ ಎಂಟನೆಯದಕ್ಕೇ ಬಿಟ್ಟರು. "ಅವನಿಗೆ ಓದಿನಲ್ಲಿ ಮನಸ್ಸಿರಲಿಲ್ಲ" ಅಂತ ನೆಂಟರು ಈಗಲೂ ಹೇಳುತ್ತಾರೆ. ವಿಚಾರಿಸಿದರೆ, ಶಾಲೆಯ ಗಂಟೆ ಹೊಡೆಯುವ ಹೊತ್ತಿಗೇ ಹೋಟೆಲಿನಲ್ಲಿ ಗಿರಾಕಿಗಳ ನೂಕುನುಗ್ಗಲು! ಕೆಲಸಗಾರನ ಪಾತ್ರ, ವಿದ್ಯಾರ್ಥಿಯ ಪಾತ್ರ ಎರಡೂ ಒಂದೇ ಗಂಟೆಗೆ ಕೈ ಹಿಡಿದು ಎಳೆದವು. ಇದಕ್ಕೆ ಪುಸ್ತಕದ ಹೆಸರು ಪಾತ್ರ ಸಂಘರ್ಷ. ಮಿತ್ರರೇ, ಶಬ್ದದ ಬೆಲೆ ನೋಡಿ: ಒಬ್ಬ ಮನುಷ್ಯನ ಮೇಲೆ ಹೊರಿಸಿದ್ದ ದೂರನ್ನು ಅದು ಇಳಿಸಿ, ವ್ಯವಸ್ಥೆಯ ಕಡೆಗೆ ಬೆರಳು ತೋರಿಸಿತು. ಇನ್ನೊಂದು ಪ್ರಶ್ನೆಯೂ ಎದ್ದಿತು. ಹೋಟೆಲಿಗೆ ಕಳಿಸುತ್ತಿದ್ದದ್ದು ಹುಡುಗರನ್ನು. ಊರಿನಲ್ಲೇ ಉಳಿದ ಅಕ್ಕತಂಗಿಯರಿಗೆ ಆ ರಾತ್ರಿಶಾಲೆಯ ಬಾಗಿಲೂ ಇರಲಿಲ್ಲವಲ್ಲ?

ಈ ಶಾಸ್ತ್ರ ಪರದೇಶದ್ದೆಂದು ಹಿಂಜರಿಯಬೇಕಾಗಿಲ್ಲ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಆರಂಭವಾದದ್ದು 1919ರಲ್ಲಿ. ಮೈಸೂರಿನ ಎಂ. ಎನ್. ಶ್ರೀನಿವಾಸ್ ಇಲ್ಲಿಯೇ ಘುರ್ಯೆಯವರ ಶಿಷ್ಯರಾಗಿ ಓದಿ, 1942ರಲ್ಲಿ ಮೈಸೂರು ಸೀಮೆಯ ಮದುವೆ-ಕುಟುಂಬಗಳ ಬಗ್ಗೆ ಪುಸ್ತಕ ಪ್ರಕಟಿಸಿದರು.

ನೀವೂ ಒಂದು ಹಾಳೆ ತೆಗೆದುಕೊಳ್ಳಿ. ಮನೆಯ ಹಿರಿಯರೊಬ್ಬರ ಅಂತಸ್ತುಗಳನ್ನು ಎಡಕ್ಕೆ, ಪಾತ್ರಗಳನ್ನು ಬಲಕ್ಕೆ ಬರೆಯಿರಿ. ಎಲ್ಲಿ ಎರಡು ಪಾತ್ರ ಡಿಕ್ಕಿ ಹೊಡೆದವೋ ಅಲ್ಲಿ ಒಂದು ಗುರುತು ಹಾಕಿ, ಅವರನ್ನೇ ಕೇಳಿ. ಪರೀಕ್ಷೆಗೂ ಆಯಿತು, ಅವರ ಮಾತು ಕೇಳಿದಂತೆಯೂ ಆಯಿತು.