ಸಿಕ್ಲಿಡ್ ಮರಿಗಳನ್ನು ಗುರುತಿಸುವುದು ಹೇಗೆ?

ಪ್ರಾಣಿಗಳನ್ನು ಬಣ್ಣದಿಂದ ಗುರುತಿಸುವುದು ನಮಗೆಲ್ಲ ರೂಢಿ. ಈ ರೂಢಿ ಎಷ್ಟು ಸುಲಭವಾಗಿ ದಾರಿ ತಪ್ಪಿಸುತ್ತದೆಂಬುದಕ್ಕೆ, ಗಾಜಿನ ತೊಟ್ಟಿಗಳಲ್ಲಿ ಸಾಕುವ ಸಿಕ್ಲಿಡ್ ಮೀನುಗಳಲ್ಲಿ ಒಂದು ಒಳ್ಳೆಯ ನಿದರ್ಶನವಿದೆ.

ಮಧ್ಯ ಅಮೆರಿಕದ ನಿಕರಾಗುವ ದೇಶದಲ್ಲಿ ನಿಕರಾಗುವ, ಮನಾಗುವ ಎಂಬ ಎರಡು ದೊಡ್ಡ ಸರೋವರಗಳಿವೆ. ಮಿಡಾಸ್ ಮತ್ತು ರೆಡ್ ಡೆವಿಲ್ ಎಂಬ ಸಿಕ್ಲಿಡ್‌ಗಳು ಈ ಎರಡರಲ್ಲಿಯೂ ವಾಸಿಸುತ್ತವೆ. 1864ರಲ್ಲಿ ಆಲ್ಬರ್ಟ್ ಗುಂಟರ್ ಎಂಬ ಪ್ರಾಣಿಶಾಸ್ತ್ರಜ್ಞನು ಇವನ್ನು ಬೇರೆ ಬೇರೆ ಪ್ರಭೇದಗಳೆಂದು ವರ್ಣಿಸಿದನು. ಮೊದಲನೆಯದರ ಇಂದಿನ ಶಾಸ್ತ್ರೀಯ ನಾಮ ಆಂಫಿಲೋಫಸ್ ಸಿಟ್ರಿನೆಲ್ಲಸ್, ಎಂದರೆ ನಿಂಬೆಯ ಬಣ್ಣದ್ದು. ಎರಡನೆಯದು ಆಂಫಿಲೋಫಸ್ ಲೇಬಿಯೇಟಸ್, ಎಂದರೆ ತುಟಿಯುಳ್ಳದ್ದು.

ಬೆಳೆದ ಮೀನುಗಳಲ್ಲಿ ಭೇದವನ್ನು ಕಾಣುವುದು ಕಷ್ಟವಲ್ಲ. ಮಿಡಾಸ್ ಮೀನಿನ ಒಡಲು ಎತ್ತರವಾದುದು, ಮೂತಿ ಮೊಂಡು. ರೆಡ್ ಡೆವಿಲ್‌ನ ಒಡಲು ನೀಳವಾದುದು, ತಲೆ ಚೂಪು, ತುಟಿಗಳು ದಪ್ಪ. ಬಂಡೆಯ ಸಂದಿಗೆ ಬಾಯೊತ್ತಿ ಒಳಗಿನ ಹುಳುಗಳನ್ನು ಹೀರಿಕೊಳ್ಳಲು ಈ ತುಟಿಗಳು ನೆರವಾಗುತ್ತವೆ.

ಮರಿಗಳ ಸಂಗತಿಯೇ ಬೇರೆ. ಎರಡರ ಮರಿಗಳೂ ಬೂದು ಮಿಶ್ರಿತ ಕಂದು ಬಣ್ಣದವು. ಮೈಮೇಲೆ ಕಪ್ಪು ಅಡ್ಡಪಟ್ಟೆಗಳು, ಪಕ್ಕದಲ್ಲೊಂದು ಕಪ್ಪು ಮಚ್ಚೆ. ಸರೋವರಗಳಲ್ಲಿ ಹೆಚ್ಚಿನ ಮೀನುಗಳಿಗೆ ಜೀವಮಾನವಿಡೀ ಇದೇ ವೇಷ. ಕೆಲವುಗಳಲ್ಲಿ ಮಾತ್ರ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಚರ್ಮದ ಕಪ್ಪು ವರ್ಣಕೋಶಗಳು ನಾಶವಾಗಿ, ಅಡಗಿದ್ದ ಹೊನ್ನಿನ ಅಥವಾ ಕಿತ್ತಳೆಯ ಬಣ್ಣ ಹೊರಬೀಳುತ್ತದೆ. ಮುಟ್ಟಿದ್ದನ್ನೆಲ್ಲ ಚಿನ್ನವಾಗಿಸುತ್ತಿದ್ದ ಗ್ರೀಕ್ ಕಥೆಯ ಅರಸ ಮಿಡಾಸನ ಹೆಸರು ಈ ಮೀನಿಗೆ ಬಂದುದು ಇದರಿಂದಲೇ. ಆದರೆ ಈ ಬದಲಾವಣೆ ರೆಡ್ ಡೆವಿಲ್‌ನಲ್ಲಿಯೂ ಉಂಟು! ಆದುದರಿಂದ ‘ಕೆಂಪಾಗಿದ್ದರೆ ರೆಡ್ ಡೆವಿಲ್’ ಎಂಬ ನಂಬಿಕೆಗೆ ಆಧಾರವಿಲ್ಲ.

ಹಾಗಾದರೆ ತುಟಿಯನ್ನು ನಂಬಬಹುದೇ? ಎಳೆಯ ಮರಿಯಲ್ಲಿ ಅದು ಇನ್ನೂ ದಪ್ಪಗಾಗಿರುವುದಿಲ್ಲ. ತೊಟ್ಟಿಯಲ್ಲಿ ಮೆದು ಆಹಾರ ತಿಂದು ಬೆಳೆದ ಮೀನಿನಲ್ಲಿ ಅದು ಸರೋವರದ ಮೀನಿನಷ್ಟು ಬೆಳೆಯದಿರುವುದೂ ಉಂಟು. ಒಂದೇ ಲಕ್ಷಣವನ್ನು ನೆಚ್ಚಿ ತೀರ್ಮಾನಕ್ಕೆ ಬರಲಾಗದು.

ಪರೀಕ್ಷಿಸುವ ಕ್ರಮ ಹೀಗಿರಲಿ. ಸಮಾನ ಉದ್ದದ ಹಲವು ಮರಿಗಳನ್ನು ಆರಿಸಿ ಪಕ್ಕದಿಂದ ನೋಡಬೇಕು. ವಯಸ್ಸಿನೊಡನೆ ಅಂಗಗಳ ಪ್ರಮಾಣ ಬದಲಾಗುವುದರಿಂದ ಸಣ್ಣದನ್ನು ದೊಡ್ಡದರೊಡನೆ ಹೋಲಿಸಬಾರದು. ಒಡಲಿನ ಎತ್ತರವು ಉದ್ದದ ಎಷ್ಟನೆಯ ಪಾಲು, ಮೂತಿಯಿಂದ ಬೆನ್ನಿಗೇರುವ ರೇಖೆ ಕಡಿದಾಗಿದೆಯೇ ಓರೆಯಾಗಿದೆಯೇ ಎಂಬುದನ್ನು ಬರೆದಿಡಬೇಕು. ಕೆಲವು ವಾರಗಳ ಬಳಿಕ ಅದೇ ಮರಿಗಳನ್ನು ಮತ್ತೆ ಅಳೆಯಬೇಕು. ಇಷ್ಟಾದರೂ ದೊರೆಯುವುದು ಸಂಭವನೀಯ ಉತ್ತರವೇ ಹೊರತು ಖಚಿತವಾದುದಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ತೊಟ್ಟಿಯಲ್ಲಿ ಕೂಡಿಸಿದರೆ ಈ ಎರಡು ಪ್ರಭೇದಗಳು ಬೆರೆತು ಮರಿ ಮಾಡುತ್ತವೆ. ಅಂಥ ಮರಿಗಳು ಯಾವುದೋ ಒಂದು ಹೆಸರಿನಲ್ಲಿ ಮಾರಾಟವಾಗಿ ಮತ್ತೆ ಬೆರೆಯುತ್ತವೆ. ಕೆಲವು ತಲೆಮಾರುಗಳಲ್ಲಿ ಶುದ್ಧ ತಳಿ ತೊಟ್ಟಿಗಳಿಂದ ಮರೆಯಾಗುತ್ತದೆ. ಆದಕಾರಣ ಮರಿಯ ಅತ್ಯಂತ ನಂಬಲರ್ಹ ಗುರುತು ಅದರ ಮೈಮೇಲಿಲ್ಲ. ತಂದೆತಾಯಿಗಳು ಯಾವುವು, ಯಾವ ಸರೋವರದಿಂದ ಬಂದವು ಎಂಬ ದಾಖಲೆಯಲ್ಲಿದೆ. ಆ ದಾಖಲೆ ಇಲ್ಲದ ಮರಿಯ ತೊಟ್ಟಿಯ ಮೇಲೆ ‘ಆಂಫಿಲೋಫಸ್, ಪ್ರಭೇದ ಅನಿಶ್ಚಿತ’ ಎಂದು ಬರೆಯುವುದೇ ಶಾಸ್ತ್ರಸಮ್ಮತವಾದುದು.