ಸವುಳು ನೆಲವೂ ಬಸಿಗಾಲುವೆಯೂ

ನೀರು ಹರಿದಲ್ಲೆಲ್ಲ ಹೊಲ ಹಸುರಾಗುವುದೆಂದು ನಗರದಲ್ಲಿ ಬೆಳೆದ ನೀವು ಭಾವಿಸುವುದು ಸಹಜ. ಆದರೆ 1953ರಲ್ಲಿ ನೀರು ಹರಿಯತೊಡಗಿದ ತುಂಗಭದ್ರಾ ಕಾಲುವೆಗಳ ಕೆಳಗೆ, ಗಂಗಾವತಿ, ಸಿಂಧನೂರುಗಳ ಸೀಮೆಯಲ್ಲಿ, ಅನೇಕ ಹೊಲಗಳು ನೀರಿನಿಂದಲೇ ಸವುಳಾಗಿವೆ. ಜೋಳ, ಹತ್ತಿಗಳಂಥ ಬೆಳೆಗಳಿಗೆಂದು ಯೋಜಿಸಿದ ನೀರಿನಲ್ಲಿ ಮೇಲ್ಭಾಗದ ರೈತರು ಬತ್ತ ನಾಟಿದರು. ಕಾಲುವೆಯ ಕೊನೆಯವರಿಗೆ ನೀರು ಸಾಲದಾಯಿತು, ಮೇಲಿನವರ ನೆಲ ಜವುಳಾಯಿತು.

ಕಾಲುವೆಯ ಸಿಹಿನೀರಿನಲ್ಲಿಯೂ ಲವಣವುಂಟು. ಲೆಕ್ಕಹಾಕಿ ನೋಡಿರಿ: ಲೀಟರಿಗೆ ಕಾಲು ಗ್ರಾಂ ಲವಣವಿರುವ ನೀರನ್ನು ಒಂದು ಹೆಕ್ಟೇರಿಗೆ ಒಂದು ಮೀಟರು ಆಳದಷ್ಟು ಹಾಯಿಸಿದರೆ ಎರಡೂವರೆ ಟನ್ನು ಲವಣ ಹೊಲಕ್ಕಿಳಿಯುತ್ತದೆ! ಬೆಳೆಯು ನೀರನ್ನು ಹೀರಿ ಲವಣವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಕರಿಮಣ್ಣಿನಲ್ಲಿ ನೀರು ಬೇಗ ಬಸಿಯದು. ಅಂತರ್ಜಲ ಮೇಲೇರಿ ಒಂದೂವರೆ ಮೀಟರಿನೊಳಗೆ ಬಂದಿತೆಂದರೆ, ಬತ್ತಿಯು ಎಣ್ಣೆಯನ್ನು ಸೆಳೆಯುವಂತೆ ಮಣ್ಣು ಅದನ್ನು ಮೇಲಕ್ಕೆಳೆಯುತ್ತದೆ. ನೀರು ಆವಿಯಾಗಿ ಹೋಗುತ್ತದೆ. ಬಿಳಿಯ ಉಪ್ಪು ಉಳಿಯುತ್ತದೆ.

ಹೊಲದಲ್ಲಿ ಸಿಹಿನೀರು ನಿಲ್ಲಿಸಿ ಉಪ್ಪನ್ನು ಕೆಳಕ್ಕೆ ತೊಳೆಯಬಹುದು. ಆದರೆ ಬಸಿಗಾಲುವೆ ಮೊದಲು ಸಿದ್ಧವಿರಬೇಕು. ಇಲ್ಲವಾದರೆ ತೊಳೆದ ನೀರೇ ಅಂತರ್ಜಲವನ್ನು ಏರಿಸಿ ಉಪ್ಪನ್ನು ಮರಳಿ ತರುತ್ತದೆ. ಸೋಡಿಯಂ ಹೆಚ್ಚಿದ ಕ್ಷಾರಭೂಮಿಗೆ ಜಿಪ್ಸಮ್ಮೂ ಬೇಕು. ಬಸಿಗಾಲುವೆಯು ಹಳ್ಳವನ್ನು ಸೇರಲು ಹಲವರ ಹೊಲಗಳನ್ನು ದಾಟಬೇಕಾದುದರಿಂದ, ಒಬ್ಬನೇ ರೈತನಿಂದ ಈ ಕೆಲಸ ಸಾಗದು. ನೆರೆಹೊರೆಯವರು ಒಪ್ಪಿ ಕೂಡಿಯೇ ತೋಡಬೇಕಾಗುತ್ತದೆ.